ಬ್ರೇಕಿಗೂ ಆಕ್ಸಿಲರೇಟರಿಗೂ ನಡುವೆ

ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು, ಕಾರಿನ ಸ್ಟೀರಿಂಗ್ ಕೆಳಗೆ ತಲೆ ತೂರಿಸಿ, ರಮ್ಯಶ್ರೀ ಬ್ರೇಕ್ ಪೆಡಲಿನ ಬೋಲ್ಟ್ ಬಿಗಿ ಮಾಡುತ್ತಿದ್ದಳು. ಇನ್ನರ್ಧ ಸುತ್ತು ಬಾಕಿಯಿತ್ತು.

"ಇಲ್ಲಿ ಪೆಡಲ್ ಕೆಲಸ ಮಾಡೋರು ಯಾರ್ರೀ?"

ಗಂಡಸಿನ ದನಿ. ಮಲಗಿದ್ದಲ್ಲಿಂದ ಅವಳಿಗೆ ಕಂಡಿದ್ದು ಒಂದು ಜೊತೆ ಶೂ ಮಾತ್ರ. ಎಡಗಾಲು ನೆಟ್ಟಗೆ ಊರಿತ್ತು. ಬಲಗಾಲು ನೆಲಕ್ಕೆ ಭಾರ ಬಿಡಲು ಹಿಂಜರಿಯುತ್ತಿತ್ತು.

'ಈ ಕಾಲಿಗೆ ನೋವಿದೆ...'

ಮುಖ ನೋಡುವ ಮೊದಲೇ ಅವಳಿಗೆ ಹಾಗನ್ನಿಸಿತು. ಟಾರ್ಚ್ ಬಾಯಿಂದ ತೆಗೆದು ಹೊರಗೆ ಬಂದಳು.

"ನಾನೇ. ಹೇಳಿ."

"ನೀವಾ?!"

"ಯಾಕೆ? ಮೀಸೆ ಇರ್ಬೇಕಿತ್ತಾ?"

ಪಕ್ಕದ ಸೀಟ್ ಕವರ್ ಅಂಗಡಿಯಿಂದ ಅಕ್ತರ್ ಭಾಯ್ ಹೋ ಎಂದು ನಕ್ಕರು. "ಸಾಬ್, ಶಿವಾಜಿನಗರದಲ್ಲಿ ಪೆಡಲ್ ಅಂದ್ರೆ ನಮ್ಮ ಬೆಹನ್ ಒಬ್ರೇ. ಆದ್ರೆ ಬಾಯಿ ಜರಾ ಖಾರ. ಹುಷಾರು!"

ಬಂದವನ ಹೆಸರು ಸುಗತ. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಕೆಲಸ. ಸಂದಿಯ ಬಾಯಲ್ಲಿ ಅವನ ಕಾರು ನಿಂತಿತ್ತು... ಎರಡೇ ಸೀಟಿನ, ಹಳೆಯ, ಕೆಂಪು ಸ್ಪೋರ್ಟ್ಸ್ ಕಾರು.

"ಶೂ ಬಿಚ್ಚಿ ಕೂತ್ಕೊಳ್ಳಿ" ಎಂದಳು ರಮ್ಯಶ್ರೀ. ರಟ್ಟಿನ ತುಂಡೊಂದನ್ನು ನೆಲಕ್ಕೆ ಹಾಸಿ, ಪೆನ್ಸಿಲ್ ಹಿಡಿದು, ಅವನ ಬಲಗಾಲಿಗೆ ಕೈ ಚಾಚಿದಳು.

ಅವನು ಬೆಚ್ಚಿ ಕಾಲು ಹಿಂದೆ ಎಳೆದುಕೊಂಡ. "ಅಯ್ಯೋ! ನೀವು ಕಾಲು ಮುಟ್ಬೇಡಿ!"

"ಮುಟ್ಟದೆ ಪೆಡಲ್ ಹೇಗ್ರೀ ಮಾಡ್ಲಿ? ದರ್ಜಿ ಮೈ ಅಳತೆ ತಗೊಳ್ಳಲ್ವಾ? ಹಾಗೇ ಇದು."

ಅವಳಿಗೆ ಇದು ಹೊಸದಲ್ಲ. ಗಂಡಸರ ಕಾಲು ಹಿಡಿಯುವ ಕೆಲಸ ಎಂದು ಹಲಸೂರಿನ ಮನೆಯಲ್ಲಿ ಅಮ್ಮ ಮುನಿವೆಂಕಟಮ್ಮ ಇಂದಿಗೂ ಮುಖ ಸಿಂಡರಿಸುತ್ತಾಳೆ. ಅಪ್ಪನ ಕಾಲದ ಈ ಅಂಗಡಿಯನ್ನು ಬಿಡಲಾರೆ ಎಂದಾಗ ಗಂಡನೂ ಇದೇ ಮಾತಾಡಿದ್ದ. ಈಗ ಅವನು ಗಂಡನಲ್ಲ. ಬಿಡುಗಡೆಯಾಗಿ ಎಷ್ಟೋ ವರ್ಷವಾಯಿತು.

ಆದರೆ ಇಷ್ಟು ದಿನದಲ್ಲಿ ಯಾರೂ ಹೀಗೆ, ಅವಳ ಮರ್ಯಾದೆಗಾಗಿ ಕಾಲು ಹಿಂದೆ ಎಳೆದುಕೊಂಡಿರಲಿಲ್ಲ...

ಸಂಕೋಚದಿಂದಲೇ ಅವನು ಕಾಲಿಟ್ಟ. ಅವಳು ಹಿಮ್ಮಡಿ ಹಿಡಿದು ಮೆಲ್ಲಗೆ ಒಳಕ್ಕೆ ತಿರುಗಿಸಿದಳು. ಸ್ವಲ್ಪ ತಿರುಗಿ, ಗಕ್ಕನೆ ನಿಂತಿತು.

"ಒಳಗೆ ಸ್ಟೀಲ್ ಪಟ್ಟಿ ಇದೆ. ಟಿನ್ ಫ್ಯಾಕ್ಟರಿ ಹತ್ರ ಬೈಕಿಂದ ಬಿದ್ದಿದ್ದೆ" ಎಂದ ಸುಗತ. "ಮೊದ್ಲು ತಿರುವಲ್ಲಿ ಗೇರ್ ಇಳಿಸಿದ್ರೆ ಬೆಣ್ಣೆ ಥರ ಇಳೀತಿತ್ತು. ಈಗ ಪ್ರತಿ ಸಲ ಎಗರುತ್ತೆ."

ಅವಳಿಗೆ ಅರ್ಥವಾಯಿತು. ವೇಗದಲ್ಲಿ ಗೇರ್ ಇಳಿಸುವಾಗ ಬಲಗಾಲು ಎರಡು ಕೆಲಸ ಮಾಡಬೇಕು. ಬೆರಳ ಬುಡದಿಂದ ಬ್ರೇಕ್ ಒತ್ತಿಕೊಂಡೇ, ಅದೇ ಪಾದವನ್ನು ಹೊರಳಿಸಿ ಅಂಚಿನಿಂದ ಆಕ್ಸಿಲರೇಟರಿಗೆ ಒಂದು ಏಟು ಕೊಡಬೇಕು. ಇಂಜಿನ್ನಿನ ಓಟ ಚಕ್ರದ ಓಟಕ್ಕೆ ಆಗ ಹೊಂದಿಕೊಳ್ಳುತ್ತದೆ. ಇಲ್ಲದಿದ್ದರೆ ಕಾರು ಮುಗ್ಗರಿಸುತ್ತದೆ.

"ಅದಕ್ಕೊಂದು ಸಣ್ಣ ಡಬ್ಬಿ ಬರುತ್ತೆ" ಎಂದಳು. "ಬ್ರೇಕೂ ಕ್ಲಚ್ಚೂ ಒಟ್ಟಿಗೆ ಒತ್ತಿದ ಕೂಡ್ಲೇ ತಾನೇ ಇಂಜಿನ್ ರೇಸ್ ಮಾಡುತ್ತೆ. ನಿಮ್ಮ ಕಾಲು ಹೊರಳೋದೇ ಬೇಡ. ಹಾಕ್ಲಾ?"

"ಬೇಡ." ಅವನ ದನಿ ಗಟ್ಟಿಯಾಯಿತು. "ಬೇರೆಯವರು ಕಲಸಿ ಬಾಯಿಗಿಟ್ಟ ತುತ್ತು ಅದು. ಆಸ್ಪತ್ರೇಲಿ ಸಾಕಷ್ಟು ತಿಂದಿದ್ದೀನಿ. ಪೆಡಲ್ ಹತ್ರ ಮಾಡಿಕೊಡಿ, ಸಾಕು."

ಅವಳು ರಟ್ಟಿನ ಮೇಲೆ ಪಾದದ ಗೆರೆ ಎಳೆದಳು.

* * *

ಆಕ್ಸಿಲರೇಟರಿಗೆ ಅವಳು ಹೊಸ ಅಲ್ಯೂಮಿನಿಯಂ ತಟ್ಟೆ ಕತ್ತರಿಸಿದಳು. ಬ್ರೇಕಿನ ಕಡೆಗೆ ಅದರ ಅಂಚು ಕೊಂಚ ಚಾಚಿಕೊಂಡಿರುವಂತೆ, ಎತ್ತರವೂ ಹೊಂದುವಂತೆ.

ಅವನು ಓಡಿಸಿ ನೋಡಿ ವಾಪಸ್ ಬಂದ. "ಇನ್ನೊಂದು ಚೂರು ಎಡಕ್ಕೆ ಬೇಕಿತ್ತು..."

ಮಾಡಿಕೊಟ್ಟಳು. ಮತ್ತೆ ಬಂದ. "ಚೂರು ಎಡಕ್ಕೆ..."

"ಬೆಹನ್, ಹಿಂಗೇ ಎಡಕ್ಕೆ ಹೋದ್ರೆ ಆ ಪೆಡಲ್ ನನ್ನ ಅಂಗಡಿಗೇ ಬಂದ್ಬಿಡುತ್ತೆ" ಎಂದರು ಅಕ್ತರ್ ಭಾಯ್.

ಬಂದಾಗಲೆಲ್ಲ ಕಮ್ಮನಹಳ್ಳಿಯ ಬೇಕರಿಯಿಂದ ದಿಲ್‌ಪಸಂದ್ ತರುತ್ತಿದ್ದ. ಅವಳು ತಟ್ಟೆಯ ಅಂಚಿಗೆ ಅರ ಹಾಕಿ ಉಜ್ಜುತ್ತಿದ್ದರೆ ಸ್ಟೂಲಿನ ಮೇಲೆ ಕೂತು ಕಾರ್ಖಾನೆಯ ಕಥೆ ಹೇಳುತ್ತಿದ್ದ. ಅವನ ಕಾರಿನ ಸದ್ದಿಗೆ ತನ್ನ ಕಿವಿ ಕಾಯುತ್ತಿದೆ ಎಂದು ಗೊತ್ತಾದ ದಿನ ರಮ್ಯಶ್ರೀಗೆ ತನ್ನ ಮೇಲೇ ಸಿಟ್ಟು ಬಂತು.

'ಇದೆಲ್ಲ ಮತ್ತೆ ಯಾಕೆ ನಿನಗೆ?'

ಒಂದು ಬೆಳಿಗ್ಗೆ ಇಬ್ಬರೂ ಹೊಸಕೋಟೆ ಕಡೆಗೆ ಕಾರು ಓಡಿಸಿ ನೋಡಲು ಹೋದರು. ಪ್ರತಿ ತಿರುವಿನಲ್ಲೂ ಕಾರು ಎಗರಿತು. ಪ್ರತಿ ಸಲವೂ ಅವನ ದವಡೆ ಬಿಗಿಯಿತು. ಕೊನೆಗೆ ಮರವೊಂದರ ಕೆಳಗೆ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಹಣೆಯಿಟ್ಟ.

"ನಿಮ್ಮ ಕೆಲಸದಲ್ಲಿ ತಪ್ಪಿಲ್ಲ. ಈ ಕಾಲು... ಮಾರ್ಬಿಡ್ತೀನಿ ಕಾರು. ಬಿಡಿ."

ಆ ಬಾಗಿದ ಕುತ್ತಿಗೆಯನ್ನು ಅವಳಿಂದ ನೋಡಲಾಗಲಿಲ್ಲ.

"ಇವತ್ತು ಅಂಗಡೀಲಿ ಬಿಟ್ಟು ಹೋಗಿ. ಇನ್ನೊಂದು ಸಲ ನೋಡ್ತೀನಿ" ಎಂದಳು.

ಅಂದು ಮಧ್ಯಾಹ್ನ, ಕಪಾಟಿನಿಂದ ಆ ಪುಟ್ಟ ಡಬ್ಬಿ ತೆಗೆದು, ಪೆಡಲಿನ ವೈರಿಗೆ ಜೋಡಿಸಿ, ಕಾರ್ಪೆಟ್ಟಿನ ಹಿಂದೆ ಅಡಗಿಸಿಟ್ಟಳು.

'ಒಂದೇ ಒಂದು ಸಲ... ಧೈರ್ಯ ಬರಲಿ. ಆಮೇಲೆ ತೆಗೆದುಬಿಡ್ತೀನಿ.'

ಮರುದಿನ ಅದೇ ರಸ್ತೆ. ಅದೇ ತಿರುವು. ಸುಗತ ಬ್ರೇಕ್ ಒತ್ತಿದ, ಕ್ಲಚ್ ಒತ್ತಿದ, ಪಾದ ಹೊರಳಿಸಲು ನೋಡಿದ... ಇಂಜಿನ್ ಒಮ್ಮೆ ಚಿಕ್ಕದಾಗಿ ಗುಡುಗಿತು. ಗೇರ್ ನೀರಿನ ಹಾಗೆ ಇಳಿಯಿತು!

"ಕೇಳಿಸ್ತಾ?! ರಮ್ಯಶ್ರೀ ಅವರೇ, ಕೇಳಿಸ್ತಾ?"

ಅವನು ನಕ್ಕ. ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಅಂಥ ನಗುವನ್ನು ಅವಳು ಅವನ ಮುಖದಲ್ಲಿ ಹಿಂದೆಂದೂ ನೋಡಿರಲಿಲ್ಲ.

"ಕೇಳಿಸ್ತು" ಎಂದಳು. ಕಣ್ಣು ಕಾರ್ಪೆಟ್ಟಿನ ಕಡೆ ಹೋಯಿತು.

* * *

ಅಂದಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಸ್ಪ್ಯಾನರ್ ಕೈಜಾರುತ್ತಿತ್ತು. ತಂದಿಟ್ಟ ಟೀ ತಣ್ಣಗಾಗುತ್ತಿತ್ತು. ಅವನು ಬಂದಾಗಲೆಲ್ಲ 'ಇವತ್ತು ತೆಗೀತೀನಿ' ಎಂದುಕೊಳ್ಳುತ್ತಿದ್ದಳು. ಅವನು ನಕ್ಕ ಕೂಡಲೇ 'ನಾಳೆ...' ಎನ್ನುತ್ತಿದ್ದಳು.

"ಏನ್ ಬೆಹನ್, ನ್ಯೂಟ್ರಲ್‌ನಲ್ಲಿ ನಿಂತು ರೇಸ್ ಮಾಡ್ತಾ ಇದ್ದೀರಿ?" ಎಂದರು ಅಕ್ತರ್ ಭಾಯ್.

ಅವಳು ಮೊದಲಿನಿಂದಲೂ ಹೀಗೆಯೇ. ಮದುವೆಯಾದ ಹೊಸದರಲ್ಲಿ ಗಂಡನ ಕೆಲಸ ಹೋದಾಗ ಅದು ಯಾರಿಗೂ ತಿಳಿಯದಂತೆ ಮುಚ್ಚಿಟ್ಟಿದ್ದಳು. ಅವನನ್ನೂ ಕೇಳದೆ, ಅವನ ಪರವಾಗಿ ನೆಂಟರಿಗೆಲ್ಲ ಸುಳ್ಳು ಹೇಳಿದ್ದಳು. ಅವನು ತಲೆ ತಗ್ಗಿಸಬಾರದೆಂದೇ ಹಾಗೆ ಮಾಡಿದ್ದು. ಕೊನೆಗೆ ಅವನೇ ಅಂದಿದ್ದ, "ನನ್ನ ಕಷ್ಟಾನೂ ನನ್ನ ಕೈಗೆ ಕೊಡ್ಲಿಲ್ಲ ನೀನು."

ಆ ಮಾತು ಈಗ ಮತ್ತೆ ಚುಚ್ಚತೊಡಗಿತು.

ಶುಕ್ರವಾರ ಸುಗತ ಹಾರಿಕೊಂಡೇ ಬಂದ. "ಭಾನುವಾರ ಟ್ರ್ಯಾಕಲ್ಲಿ ಓಡಿಸೋಕೆ ಹೆಸರು ಕೊಟ್ಟೆ! ನೀವು ಬರ್ಲೇಬೇಕು. ಈ ಕಾಲು ನಿಮ್ಮಿಂದಾನೇ ವಾಪಸ್ ಬಂದಿದ್ದು!"

ಅವಳು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟಳು. ಟ್ರ್ಯಾಕಿನ ವೇಗದಲ್ಲಿ, ತಿರುವಿನ ನಡುವೆ ಆ ಡಬ್ಬಿಯ ವೈರು ಕಳಚಿದರೆ? ಹೊರಳದ ಪಾದವನ್ನು ನಂಬಿ ಅವನು ಗೇರ್ ಇಳಿಸುತ್ತಾನೆ... ಹಿಂದಿನ ಚಕ್ರ ಜಾರುತ್ತದೆ...

"ಸುಗತ ಅವರೇ, ಕೂತ್ಕೊಳ್ಳಿ. ಒಂದು ಮಾತು ಹೇಳ್ಬೇಕು."

"ಮೊದ್ಲು ದಿಲ್‌ಪಸಂದ್ ತಿನ್ನಿ."

"ಬೇಡ. ಕೇಳಿ." ಅವಳು ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದಳು. "ನಿಮ್ಮ ಕಾಲು ಹೊರಳ್ತಾ ಇಲ್ಲ. ನಾನು ಡಬ್ಬಿ ಹಾಕಿದ್ದೀನಿ. ನಿಮಗೆ ಹೇಳದೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮುಖದ ನಗು ನಿಧಾನವಾಗಿ ಇಳಿಯಿತು.

"ಅವತ್ತಿಂದಾನಾ?"

"ಹೂಂ."

"ನಾನು ನಗ್ತಾ ಇದ್ನಲ್ಲ... ನೀವು ಪಕ್ಕದಲ್ಲೇ ಕೂತು ನೋಡ್ತಾ ಇದ್ರಲ್ಲ. ಎಷ್ಟು ದಡ್ಡನ ಥರ ಕಂಡೆ ರೀ ನಾನು?"

"ಹಾಗನ್ಬೇಡಿ! ನಾನು ಯಾವತ್ತೂ..."

"ತೆಗೀರಿ ಅದನ್ನ."

ಅವಳು ಕಾರಿನೊಳಗೆ ತಲೆ ತೂರಿಸಿ ವೈರು ಬಿಚ್ಚಿದಳು. ಕಣ್ಣು ಮಂಜಾಗಿ ಎರಡು ಸಲ ಕೈ ತಪ್ಪಿತು. ಅವಳು ಹೊರಗೆ ಬಂದ ಕೂಡಲೇ ಅವನು ಸೀಟಿಗೆ ಕೂತು ಹೊರಟ. ಸಂದಿಯ ತಿರುವಿನಲ್ಲಿ ಕಾರು ಎಗರಿ, ಮುಗ್ಗರಿಸಿ, ಮರೆಯಾಯಿತು.

ದಿಲ್‌ಪಸಂದಿನ ಪೊಟ್ಟಣ ಸ್ಟೂಲಿನ ಮೇಲೆ ಹಾಗೇ ಉಳಿಯಿತು.

* * *

ಭಾನುವಾರ ಕಳೆಯಿತು. ಅವನು ಟ್ರ್ಯಾಕಿಗೆ ಹೋದನೋ ಇಲ್ಲವೋ... ಫೋನಿನಲ್ಲಿ 'ಹೇಗಿದ್ದೀರಿ' ಎಂದು ಬರೆದು ಅಳಿಸಿದಳು. 'ಕ್ಷಮಿಸಿ' ಎಂದು ಬರೆದು ಅದನ್ನೂ ಅಳಿಸಿದಳು. ಸಂದಿಗೆ ಯಾವ ಕಾರು ಬಂದರೂ ಕತ್ತು ಹೊರಳುತ್ತಿತ್ತು.

ಮನೆಯಲ್ಲಿ ಸುಮ್ಮನೆ ಕೂತವಳನ್ನು ನೋಡಿ ಮುನಿವೆಂಕಟಮ್ಮ ಬಾಯಿ ಬಿಡಿಸಿದಳು. ಎಲ್ಲ ಕೇಳಿ ತಲೆಯಾಡಿಸಿದಳು.

"ನೀನು ಯಾವಾಗ್ಲೂ ಹಂಗೇ ಕಣೇ. ನನ್ನ ಮಾತ್ರೆನೂ ಪುಡಿ ಮಾಡಿ ಪಾಯಸಕ್ಕೆ ಹಾಕ್ದೋಳಲ್ವಾ?"

"ನೀನು ನುಂಗ್ತಿರ್ಲಿಲ್ಲ ಅಮ್ಮ!"

"ಕೇಳಿದ್ರೆ ನುಂಗ್ತಿದ್ದೆ. ಬೈಕೊಂಡು ನುಂಗ್ತಿದ್ದೆ. ಆದ್ರೆ ನಾನೇ ನುಂಗ್ತಿದ್ದೆ."

ಆ ರಾತ್ರಿ ರಮ್ಯಶ್ರೀಗೆ ನಿದ್ದೆ ಹತ್ತಲಿಲ್ಲ.

ದಿನಗಳು ಉರುಳಿದವು. ಒಂದು ಸಂಜೆ, ಯಾರದೋ ಕ್ಲಚ್ ಪೆಡಲಿಗೆ ತಟ್ಟೆ ಕೂರಿಸುತ್ತಿದ್ದಾಗ, ಸಂದಿಯ ತಿರುವಿನಲ್ಲಿ ಒಂದು ಕಾರು ಮುಗ್ಗರಿಸಿದ ಸದ್ದು ಕೇಳಿಸಿತು.

ಹಾಗೆ ಮುಗ್ಗರಿಸುವ ಕಾರು ಒಂದೇ ಇದ್ದದ್ದು!

"ಬೆಹನ್..." ಅಕ್ತರ್ ಭಾಯ್ ಮೆಲ್ಲಗೆ ಕರೆದರು. ಆಮೇಲೆ, ಯಾವತ್ತೂ ಇಲ್ಲದ ಹಾಗೆ, ಕೆಲಸವಿದೆಯೆಂದು ಒಳಗೆ ಹೋಗಿಬಿಟ್ಟರು.

ಸುಗತ ಬಂದು ಅವಳ ಮುಂದೆ ನೆಲದ ಮೇಲೇ ಕುಳಿತ. ಕಣ್ಣ ಕೆಳಗೆ ಕಪ್ಪಾಗಿತ್ತು.

"ಟ್ರ್ಯಾಕಿಗೆ ಹೋಗ್ಲಿಲ್ಲ" ಎಂದ. "ದಿನಾ ಬೆಳಿಗ್ಗೆ ಫ್ಯಾಕ್ಟರಿ ಹಿಂದಿನ ಖಾಲಿ ರಸ್ತೇಲಿ ಓಡಿಸ್ದೆ. ನಿಮ್ಮ ಮೇಲಿನ ಹಟಕ್ಕೆ. ಆಗಲ್ಲ ಅಂತ ಗೊತ್ತಾಯ್ತು. ಈ ಕಾಲು ಇಷ್ಟೇ ಇನ್ಮೇಲೆ."

"ನನ್ನಿಂದ..."

"ಇರಿ, ಮುಗಿಸ್ತೀನಿ. ಯಾಕೆ ಹೇಳ್ಲಿಲ್ಲ ನೀವು?"

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದಳು. "ನೀವು ನಕ್ಕಿದ್ರಿ. ಹೇಳಿದ್ರೆ ಆ ನಗು ಹೋಗುತ್ತೆ ಅಂತ... ನನಗೆ ಅದು ಬೇಕಿತ್ತು. ನಿಮಗೋಸ್ಕರ ಅಂದ್ಕೊಂಡೆ. ನಿಜ ಹೇಳ್ಬೇಕಂದ್ರೆ ನನಗೋಸ್ಕರಾನೇ."

ಅವನು ಅವಳ ಕೈಯಿಂದ ಆ ಬಟ್ಟೆ ತೆಗೆದುಕೊಂಡು ಪಕ್ಕಕ್ಕಿಟ್ಟ.

"ಗೇರ್ ಇಳೀತು ಅಂತ ನಕ್ಕಿದ್ದು ಅರ್ಧ. ಇನ್ನರ್ಧ... ಪಕ್ಕದ ಸೀಟಲ್ಲಿ ನೀವು ಕೂತಿದ್ರಲ್ಲ ರೀ, ಅದಕ್ಕೆ."

ಅವಳ ಕಣ್ಣು ತುಂಬಿತು.

"ನಾನೇನೂ ಹರಿಶ್ಚಂದ್ರ ಅಲ್ಲ" ಎಂದ ಅವನು, ತಲೆ ಕೆರೆದುಕೊಳ್ಳುತ್ತಾ. "ಆ ಪೆಡಲ್ ಮೊದಲನೇ ಸಲಾನೇ ಸರಿಯಾಗಿತ್ತು. ಎಡಕ್ಕೆ ಅನ್ನದಿದ್ರೆ ಮತ್ತೆ ಬರೋಕೆ ನೆಪ ಎಲ್ಲಿತ್ತು?"

"ಅಯ್ಯೋ ಪಾಪಿ! ಎಷ್ಟು ಅರ ಹಾಕಿಸಿದ್ರಿ ನನ್ನ ಕೈಲಿ!"

"ಮೈಂ ಬೋಲಾ ಥಾ ನಾ, ನಾನ್ ಆವಾಗ್ಲೇ ಹೇಳಿದ್ನಲ್ಲ!" ಪಕ್ಕದ ಅಂಗಡಿಯೊಳಗಿಂದ ಕೂಗು ಕೇಳಿತು. ಇಬ್ಬರೂ ಒಟ್ಟಿಗೆ ನಕ್ಕುಬಿಟ್ಟರು.

"ಡಬ್ಬಿ ಹಾಕಿ" ಎಂದ ಸುಗತ, ನಗು ನಿಂತ ಮೇಲೆ. "ಆದ್ರೆ ಸ್ವಿಚ್ ನನ್ನ ಕೈಗೆ ಸಿಗೋ ಕಡೆ ಇರ್ಲಿ. ಬೇಕಾದಾಗ ಹಾಕ್ಕೋತೀನಿ. ಬೇಡದಾಗ ಎಗರ್ಲಿ."

"ಇಲ್ಲಿ ತೂತು ಕೊರೀಲಾ?" ಕಾರಿನೊಳಗೆ ಬಗ್ಗಿ, ಅವಳು ಡ್ಯಾಶ್‌ಬೋರ್ಡಿನ ಅಂಚು ತೋರಿಸಿ ಕೇಳಿದಳು.

"ಕೊರೀರಿ."

"ವೈರು ಈ ಕಡೆಯಿಂದ ಎಳೀಲಾ?"

"ಎಳೀರಿ. ಎಲ್ಲಾ ಕೇಳ್ಬೇಕಾಗಿಲ್ಲ ರೀ!"

"ಕೇಳ್ತೀನಿ" ಎಂದಳು ಅವಳು.

* * *

ಸ್ವಿಚ್ ಕೂರಿಸುವಷ್ಟರಲ್ಲಿ ಕತ್ತಲಾಗಿತ್ತು. ಅವನು ಅವಳನ್ನು ಮನೆಗೆ ಬಿಡಲು ಹೊರಟ. ಹಲಸೂರು ಕೆರೆಯ ಪಕ್ಕದ ತಿರುವು ಬಂದಾಗ ಸ್ವಿಚ್ಚಿನ ಮೇಲೆ ಅವನ ಬೆರಳು ಕ್ಷಣಕಾಲ ನಿಂತಿತು. ಮುಟ್ಟಲಿಲ್ಲ. ಕಾರು ಗಕ್ಕನೆ ಎಗರಿತು. ಅವಳ ಹಣೆ ಮುಂದಕ್ಕೆ ಬಂತು. ಸಲಹೆಯೊಂದು ತುಟಿಯ ತನಕ ಬಂದದ್ದನ್ನು ಅವಳು ನುಂಗಿದಳು.

"ಬೈಕೊಳ್ತಾ ಇದ್ದೀರಾ?"

"ಮನಸ್ಸಲ್ಲಿ."

"ಜೋರಾಗೇ ಬೈರಿ, ರಮ್ಯಾ."

'ಅವರೇ' ಇಲ್ಲದ ತನ್ನ ಹೆಸರು ಕೇಳಿ ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಕಿವಿ ಬಿಸಿಯಾಗಿತ್ತು.

ಮನೆಯ ಮುಂದೆ ಇಳಿದಾಗ ಅವನು ಸ್ಟೀರಿಂಗ್ ಹಿಡಿದುಕೊಂಡೇ ಏನೋ ಹೇಳಲು ಹೊರಟು ನಿಲ್ಲಿಸಿದ. ಮತ್ತೆ ಬಾಯಿ ತೆರೆದ. ಮತ್ತೆ ಮುಚ್ಚಿದ.

"ನಾಳೆ ಬರ್ಲಾ?" ಎಂದ ಕೊನೆಗೆ.

"ಏನು ಕೆಲಸಕ್ಕೆ?"

"ಕೆಲಸ ಏನೂ ಇಲ್ಲ."

"ಹಾಗಿದ್ರೆ ಬೇಗ ಬನ್ನಿ."

ಕಾರು ಬೀದಿಯ ಕೊನೆ ದಾಟುವ ತನಕ ನಿಂತು ನೋಡಿ ಅವಳು ಒಳಗೆ ಬಂದಳು.

"ಯಾರದೇ ಕಾರು?" ಅಡುಗೆಮನೆಯಿಂದ ಅಮ್ಮ ಕೇಳಿದಳು. "ಅವ್ನೇನಾ? ಏನಂದ?"

"ಏನೂ ಅನ್ಲಿಲ್ಲಮ್ಮ."

ಅದು ನಿಜವಾಗಿತ್ತು. ಕೇಳಬೇಕಾದ್ದನ್ನು ಅವನು ಕೇಳಿರಲಿಲ್ಲ. ಕೇಳಲು ಅವನಿಗೆ ಇನ್ನೂ ಎಷ್ಟು ದಿನ ಬೇಕೋ... ಕುಂಟುವ ಕಾಲಿನವನು ತಾನು ಹೇಗೆ ಕೇಳುವುದೆಂದು ಹಿಂಜರಿಯುತ್ತಲೇ ಇರುತ್ತಾನೆ. ಹಿಂದಿನ ರಮ್ಯಶ್ರೀಯಾಗಿದ್ದರೆ ಅವನಿಗೇ ತಿಳಿಯದಂತೆ ದಾರಿ ಸುಗಮ ಮಾಡಿ, ಅವನೇ ಕೇಳಿದ ಹಾಗೆ ಮಾಡಿಸುತ್ತಿದ್ದಳು.

ಈ ಸಲ ಹಾಗಲ್ಲ.

ನಾಳೆ ಅವನು ಬಂದಾಗ ತಾನೇ ಕೇಳುತ್ತಾಳೆ. ನೇರವಾಗಿ, ಮುಖ ನೋಡಿಕೊಂಡು. 'ನನ್ನನ್ನ ಮದುವೆ ಆಗ್ತೀರಾ?' ಹೂಂ ಅನ್ನುವುದೋ, ಊಹೂಂ ಅನ್ನುವುದೋ, ಅದು ಅವನ ಕೈಯಲ್ಲಿರಲಿ.

ಬಚ್ಚಲಿಗೆ ಹೋಗಿ, ಉಗುರಿನ ಸಂದಿಯ ಗ್ರೀಸನ್ನು ಸೋಪು ಹಚ್ಚಿ ಉಜ್ಜತೊಡಗಿದಳು.

"ಏನೇ ಒಬ್ಬಳೇ ನಗ್ತಾ ಇದ್ದೀಯ?" ಎಂದಳು ಅಮ್ಮ, ಬಾಗಿಲಲ್ಲಿ ನಿಂತು.

"ಏನಿಲ್ಲ. ತಟ್ಟೆ ಹಾಕಮ್ಮ, ಹಸಿವಾಗ್ತಿದೆ."