ಆಲ್ಬಿಯ ಮಳೆ ಪುಸ್ತಕ

ಮಾರ್ಚ್ 24, ಮಂಗಳವಾರ, ಬೆಳಗ್ಗೆ 10.20. ಮರಾಂಬಿ ಠಾಣೆಗೆ ಬಂದ ಕ್ಲೆಮ್ ಪ್ಯಾಸ್ಕೋ ಟೋಪಿಯನ್ನೂ ತೆಗೆಯದೆ ಕಾಗದವೊಂದನ್ನು ಮೇಜಿನ ಮೇಲೆ ಕುಕ್ಕಿದರು. ವಯಸ್ಸು ಎಪ್ಪತ್ತೊಂಬತ್ತು. ಊರಿನವರ ದಾಖಲೆಗಳಿಗೆ ಸಾಕ್ಷಿ ಹಾಕುವ ಸರ್ಕಾರಿ ಅಧಿಕಾರ ಮೂವತ್ತು ವರ್ಷದಿಂದ ಅವರದು.

“ಸಹಿ ನಂದರ ಥರಾನೇ ಇದೆ ಕಣಮ್ಮ ನೊರೀನ್. ಆದ್ರೆ ನಾನು ಹಾಕಿದ್ದಲ್ಲ.”

ಸಾರ್ಜೆಂಟ್ ನೊರೀನ್ ಟಲಕ್ ಓದಿದಳು. ತನಗೆ ಮಾತು, ಬುದ್ಧಿ ಹೋದರೆ ಎಲ್ಲ ತೀರ್ಮಾನವನ್ನೂ ಮಗಳು ರೋವೆನಾ ಮಾಡಲಿ ಎಂದು ಆಲ್ಬಿ ಸ್ಟೋಕೆಲ್ ಬರೆದುಕೊಟ್ಟ ಅಧಿಕಾರ ಪತ್ರ. ಮಾರ್ಚ್ 3, ಮಂಗಳವಾರ, ಆಲ್ಬಿಯ ಮನೆಯಲ್ಲಿ, ಕ್ಲೆಮ್ ಎದುರು ಸಹಿ. ಮಾರ್ಚ್ 6ರಂದು ಆಲ್ಬಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಈ ಪತ್ರದ ಬಲದಿಂದ ರೋವೆನಾ ಅಪ್ಪನನ್ನು ಶುಕ್ರವಾರ ತಾನಿರುವ ಡಾರ್ವಿನ್‌ಗೆ ಕರೆದೊಯ್ಯುವವಳಿದ್ದಳು. ಖಚಿತಪಡಿಸಿ ಎಂದು ಆಸ್ಪತ್ರೆಯವರು ಕ್ಲೆಮ್‌ಗೆ ಪ್ರತಿ ಕಳಿಸಿದ್ದರು.

“ಮಂಗಳವಾರ ನೀವು ಆಲ್ಬಿ ಮನೆಗೆ ಹೋಗ್ತೀರಿ, ಅಲ್ವಾ?”

“ಪ್ರತಿ ಮಂಗಳವಾರ. ಇಸ್ಪೀಟು.”

“ಮೂರನೇ ತಾರೀಖು?”

“ಹೋಗಿರ್ಬೇಕು.”

“ಸಹಿ ಹಾಕಿ ಮರೆತಿರಬಹುದಾ?”

“ಕನ್ನಡಕ ಎಲ್ಲಿಟ್ಟೆ ಅನ್ನೋದು ಮರೀತೀನಿ. ಗೆಳೆಯ ತನ್ನ ಬಾಳನ್ನೇ ಮಗಳ ಕೈಗೆ ಕೊಟ್ಟಿದ್ದನ್ನ ಮರೀತೀನೇನೇ?”

ಮುದುಕ ಮರೆತಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು ನೊರೀನ್‌ಗೆ. ಪತ್ರ ಸುಳ್ಳಾದರೆ ಆಲ್ಬಿ ಇನ್ನೂರು ಕಿಲೋಮೀಟರ್ ದೂರದ, ಗುರುತು ಪರಿಚಯವಿಲ್ಲದ ಆರೈಕೆ ಮನೆಗೆ ಹೋಗಬೇಕು. 11.05ಕ್ಕೆ ಡಾರ್ವಿನ್ ಬಂದರಿಗೆ ಫೋನ್ ಮಾಡಿದಳು. ರೋವೆನಾ ಅಲ್ಲಿ ಕ್ರೇನ್ ಚಾಲಕಿ.

“ಕ್ಲೆಮ್‌ಗೆ ಅರಳು ಮರಳು,” ಎಂದಳು ರೋವೆನಾ. “ಆ ದಿನ ಸಹಿ ಹಾಕಿ ಅವರೇ ಪೋಸ್ಟ್ ಮಾಡಿದ್ರು.”

ಮಧ್ಯಾಹ್ನ 2.30ಕ್ಕೆ ನೊರೀನ್, ಕಾನ್‌ಸ್ಟೇಬಲ್ ವೆಲ್ಲಾ ಆಲ್ಬಿಯ ಮನೆ ತೆರೆದರು. ಆಲ್ಬಿ ಕೌನ್ಸಿಲ್‌ನಲ್ಲಿ ರಸ್ತೆ ಸಮ ಮಾಡುವ ಯಂತ್ರ ಓಡಿಸಿ ನಿವೃತ್ತನಾದವನು. ನಲವತ್ತೊಂದು ವರ್ಷದಿಂದ ದಿನಾ ಒಂಬತ್ತಕ್ಕೆ ಹಿತ್ತಿಲ ಮಳೆಮಾಪಕ ನೋಡಿ ಹವಾಮಾನ ಕಚೇರಿಗೆ ಲೆಕ್ಕ ಕಳಿಸುತ್ತಿದ್ದ. ಅಡುಗೆಮನೆ ಕಿಟಕಿಯಲ್ಲಿದ್ದ ಪುಸ್ತಕವನ್ನು ವೆಲ್ಲಾ ತಿರುವಿದ. ಪುಟದ ತುಂಬ ಸೊನ್ನೆಗಳು. ನಡುವೆ ಒಂದು ಸಾಲು:

“ಮಾರ್ಚ್ 3. 61 ಮಿ.ಮೀ.!! ಹಳ್ಳ ರಸ್ತೆ ಮೇಲೆ. ಕ್ಲೆಮ್ ಆಚೆ ದಡದಲ್ಲೇ. ಇಸ್ಪೀಟು ಇಲ್ಲ.”

ದೊಡ್ಡ ಮಳೆ ಬಂದದ್ದು ಊರಿಗೆಲ್ಲ ನೆನಪಿತ್ತು, ತಾರೀಖು ಮಾತ್ರ ಯಾರಿಗೂ ಇರಲಿಲ್ಲ.

“ಮಗಳನ್ನ ಅಪ್ಪನೇ ಹಿಡಿದುಕೊಟ್ಟ ಹಾಗಾಯ್ತಲ್ಲ, ಸಾರ್ಜೆಂಟ್,” ಎಂದ ವೆಲ್ಲಾ.

“ಬಾಯ್ಮುಚ್ಕೊಂಡು ಮಹಜರು ಬರಿ.”

ಮಾರ್ಚ್ 2ರ ಸಂಜೆಯಿಂದ 5ರವರೆಗೆ ಹಳ್ಳದ ರಸ್ತೆ ಬಂದ್ ಆಗಿತ್ತೆಂದು ಕೌನ್ಸಿಲ್‌ನ ದಾಖಲೆಯೂ ಹೇಳಿತು.

ಮಾರ್ಚ್ 27, ಶುಕ್ರವಾರ, 8.40. ಆಸ್ಪತ್ರೆಯ ಕಾರಿಡಾರ್‌ನಲ್ಲಿ ರೋವೆನಾ ಅಪ್ಪನ ಹೊಸ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ನೊರೀನ್ ಪುಸ್ತಕದ ಪುಟ ತೋರಿಸಿದಳು. ರೋವೆನಾ ಓದಿ ಗೋಡೆಗೊರಗಿದಳು.

“ಕ್ಲೆಮ್ ಸಹಿ ಎಲ್ಲಿ ಸಿಕ್ತು?”

“ಅವರು ಸಾಕ್ಷಿ ಹಾಕಿದ್ದ ನನ್ನ ಹಳೇ ಸರ್ಟಿಫಿಕೇಟುಗಳ ಮೇಲೆ. ಅಪ್ಪನ ಸಹೀನೂ ನಾನೇ ಹಾಕಿದೆ. ಮಂಗಳವಾರ ಅಂದ್ರೆ ಕ್ಲೆಮ್ ಇರ್ತಾರೆ ಅಂದ್ಕೊಂಡೆ.”

“ನ್ಯಾಯಮಂಡಳಿಗೆ ಅರ್ಜಿ ಹಾಕಿದ್ರೆ ಈ ಅಧಿಕಾರ ನಿಂಗೇ ಕೊಡ್ತಿತ್ತು.”

“ಆರು ವಾರ ಅಂದ್ರು. ಅಷ್ಟರಲ್ಲಿ ಅಪ್ಪನ್ನ ಎಲ್ಲಿಗೋ ಸಾಗಿಸ್ತಿದ್ರು. ಫಾರಂ ಅಪ್ಪನೇ ಆಗಸ್ಟಲ್ಲಿ ಕಳಿಸಿದ್ದ. ಕ್ರಿಸ್ಮಸ್‌ಗೆ ಬಾ, ಕ್ಲೆಮ್ ಮುಂದೆ ಸಹಿ ಹಾಕೋಣ ಅಂದಿದ್ದ. ನಾನು ಬರ್ಲಿಲ್ಲ.”

ಆಲ್ಬಿ ಯಾರಿಗೆ ಫೋನ್ ಮಾಡಿದರೂ ಮಾತು ಶುರುವಾಗುತ್ತಿದ್ದುದು ಮಳೆಯಿಂದ, ಅದು ಊರಿಗೆಲ್ಲ ಗೊತ್ತು. ನೊರೀನ್ ಕೇಳದೇ ಇರಲಾಗಲಿಲ್ಲ.

“ಇಷ್ಟು ಮಳೆ ಬಂದಾಗ ಅಪ್ಪ ಫೋನ್ ಮಾಡ್ಲಿಲ್ವಾ?”

ರೋವೆನಾ ತನ್ನ ಫೋನು ಚಾಚಿದಳು. ಮಾರ್ಚ್ 3, ಬೆಳಗಿನ ಕರೆ, ಉತ್ತರಿಸಿಲ್ಲ. ಕೆಳಗೆ ಧ್ವನಿ ಸಂದೇಶ, ಕೇಳಿಲ್ಲ.

“ಕ್ರೇನ್ ಮೇಲಿದ್ದೆ. ಭಾನುವಾರ ಮಾಡೋಣ ಅಂದ್ಕೊಂಡೆ. ಅಷ್ಟರಲ್ಲಿ ಅಪ್ಪನ ಮಾತೇ ಹೋಯ್ತು. ಆಮೇಲೆ ಇದನ್ನ ಒತ್ತೋಕೆ ಧೈರ್ಯ ಬರ್ಲಿಲ್ಲ.”

ಈಗ ಒತ್ತಿದಳು.

“ರೋ, ಅರವತ್ತೊಂದು ಕಣೇ! ಕ್ಲೆಮ್ ಆಚೆ ಸಿಕ್ಕಿಬಿದ್ದಿದಾನೆ, ಬಡಪಾಯಿ. ಪುರುಸೊತ್ತಾದಾಗ ಮಾಡು. ಅವಸರ ಏನಿಲ್ಲ.”

ಒಳಗಿನ ಹಾಸಿಗೆಯಲ್ಲಿ ಆಲ್ಬಿ ಕಿಟಕಿಯ ಕಡೆ ನೋಡುತ್ತಿದ್ದ. 9.05ಕ್ಕೆ ಬಂಧನ ಎಂದು ನೊರೀನ್ ಬರೆದುಕೊಂಡಳು. ಚಪ್ಪಲಿಗಳನ್ನು ತಾನೇ ಒಳಗೆ ಒಯ್ದು ಮಂಚದ ಕೆಳಗಿಟ್ಟಳು.