ಕೇಳದೆ ಲೆಕ್ಕ ಮಾಡದ ಭಾಷೆ

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಆ ಮಧ್ಯಾಹ್ನ ನಾನಂತೂ ಎಚ್ಚರವಾಗಿಯೇ ಇದ್ದೆ. ತೀರಿಹೋದ ನನ್ನ ಮೇಷ್ಟ್ರು ಕಟ್ಟಿದ್ದ ಹಳೆಯ ಪ್ರೋಗ್ರಾಮಿಂಗ್ ಭಾಷೆಯನ್ನು ಓಪನ್ ಸೋರ್ಸ್ ಮಾಡಿ ಎಲ್ಲರಿಗೂ ಬಿಟ್ಟುಕೊಡಲು ಅವರ ಹೆಂಡತಿ ಒಪ್ಪಿದ್ದರು. ಮೇಷ್ಟ್ರ ಕೋಣೆಯಲ್ಲೇ ಕೂತು, ಅವರ ಹಳೆಯ ಕಂಪ್ಯೂಟರಿನಲ್ಲಿ ನಾನು ಅದನ್ನು ಮತ್ತೆ ಓಡುವಂತೆ ಮಾಡಿದ್ದೆ. ಆ ಭಾಷೆಗೊಂದು ಹಟ: ಎಂಟರ್ ಒತ್ತಿ ಕೇಳಿದರಷ್ಟೇ ಮುಂದಿನ ಉತ್ತರ, ಇಲ್ಲದಿದ್ದರೆ ಯುಗ ಕಳೆದರೂ ಮೌನ. ದೆವ್ವವೂ ಹಾಗೆಯೇ, ಕರೆದರಷ್ಟೇ ಬರುತ್ತದೆ ಎನ್ನುತ್ತಿದ್ದಳು ನನ್ನಜ್ಜಿ.

ಕೊನೆಯಿಲ್ಲದ ಸಂಖ್ಯೆಗಳ ಸಾಲೊಂದನ್ನು ಬರೆದಿಟ್ಟು ನೀರು ಕುಡಿಯಲು ಹೋದೆ. ಮರಳಿದಾಗ ಪರದೆಯ ತುಂಬ ಸಂಖ್ಯೆಗಳು. ಕುರ್ಚಿ ಬೆಚ್ಚಗಿತ್ತು, ಕೀಬೋರ್ಡ್ ಮಂಜಿನಂತೆ ತಣ್ಣಗಿತ್ತು.

"ಅಮ್ಮಾ, ನೀವೇನಾದ್ರೂ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲಿ?" ಎನ್ನುತ್ತ ಬಾಗಿಲಿಗೆ ಬಂದ ಮೇಷ್ಟ್ರ ಹೆಂಡತಿಯ ಮುಖ ಪರದೆ ನೋಡಿ ಬಿಳಿಚಿತು. "ಬೇಡ ಪುಟ್ಟಿ, ಬಿಟ್ಬಿಡು. ಬದುಕಿದ್ದಾಗ್ಲೂ ಅವರು ಇದನ್ನ ಯಾರಿಗೂ ಕೊಡ್ಲಿಲ್ಲ."

"ಈಗ ನಾನು ಕೊಡ್ತೀನಿ. ತಡೀಲಿ ನೋಡೋಣ!"

ತಂತಿ ಕಿತ್ತು ಕೀಬೋರ್ಡನ್ನು ಅವರ ಕೈಗಿಟ್ಟೆ. ನನ್ನ ಲ್ಯಾಪ್‌ಟಾಪಿನಿಂದ ಇಡೀ ಭಾಷೆಯನ್ನು ಲೋಕಕ್ಕೆ ಬಿಡುಗಡೆ ಮಾಡಿ ತಲೆಯೆತ್ತಿದೆ.

ಅವರ ಕೈಯಲ್ಲಿದ್ದ ಕೀಬೋರ್ಡಿನ ಎಂಟರ್ ತಾನಾಗಿಯೇ ಮೆಲ್ಲಗೆ ತಗ್ಗಿ ಮೇಲೆದ್ದಿತು. ಮೇಷ್ಟ್ರ ಕಂಪ್ಯೂಟರಿನ ಪರದೆಯ ಮೇಲೆ ಮುಂದಿನ ಸಂಖ್ಯೆ ಮೂಡಿತು.