ಅವ್ವನ ಪಾದದ ತರಗೆಲೆ

ಎಷ್ಟೋ ತಲೆಮಾರಿನ ಹಿಂದೆ ಹೊಂಬಯಲು ಅಂತ ಒಂದು ರಾಜ್ಯವಿತ್ತು. ಅಲ್ಲಿಯವರಿಗೆ ಒಂದು ಹುಚ್ಚು: ಕೊಯ್ಲಾದ ಮೇಲೆ ಹೊಲವನ್ನು ಅಂಗಳದ ಹಾಗೆ ಗುಡಿಸಿ, ಕಸವನ್ನೆಲ್ಲ ಸುಡಬೇಕು. ಗುಡಿಸದವರಿಗೆ ಹೆಣ್ಣು ಕೂಡ ಕೊಡುತ್ತಿರಲಿಲ್ಲ ಅಂದರೆ ನೋಡಿ. ಆ ಬೂದಿ ತಿಂದೇ ಬೂದಿರಾಯನೆಂಬ ಮಾಂತ್ರಿಕ ಕೊಬ್ಬಿದ್ದ. ಮಣ್ಣು ಮಾತ್ರ ವರ್ಷವರ್ಷಕ್ಕೂ ಸೊರಗುತ್ತಿತ್ತು.

"ನಾನು ಗುಡಿಸಲ್ಲ, ಸುಡಲ್ಲ" ಅಂದವಳು ಬೀಜ ಕಾಯುವ ಹೊನ್ನೂರವ್ವ ಒಬ್ಬಳೇ. ಮಾಂತ್ರಿಕ ಅವಳನ್ನು ಅವಳ ಹೊಲದ ನಡುವೆಯೇ ಕಲ್ಲು ಮಾಡಿಬಿಟ್ಟ. ಮಗಳು ಚೆನ್ನಾಜಿ ಓಡಿಬಂದು ಅವನ ಕಾಲು ಹಿಡಿದಳು.

"ಈ ಹೊಲದಲ್ಲಿ ಮೂರು ಸಲ ಬಿತ್ತು. ಒಂದು ತೆನೆ ಬಂದರೂ ನಿನ್ನವ್ವ ಬದುಕುತ್ತಾಳೆ. ಇಲ್ಲದಿದ್ದರೆ ಕಲ್ಲಾಗಿಯೇ ಇರುತ್ತಾಳೆ" ಅಂದ ಅವನು.

ಚೆನ್ನಾಜಿ ಹೊಲ ಗುಡಿಸಿ ರಾಗಿ ಬಿತ್ತಿದಳು. ಮಾಂತ್ರಿಕ ಬಿಟ್ಟ ಗಾಳಿಹದ್ದು ಬಂದು ರೆಕ್ಕೆ ಬೀಸಿತು. ಬೀಜ, ಮಣ್ಣು ಎರಡೂ ಹಾರಿಹೋದವು. ಮತ್ತೆ ಗುಡಿಸಿದಳು, ಕುರಿಮಂದೆ ನಿಲ್ಲಿಸಿ ಗೊಬ್ಬರ ಮಾಡಿಸಿ ಬಿತ್ತಿದಳು. ಪೈರು ಗೇಣುದ್ದ ಬಂತು. ಈ ಸಲ ಅವನ ಬಿಸಿಲುಕುದುರೆ ಬಂದು ನೆಲ ನೆಕ್ಕಿತು; ತೇವವೆಲ್ಲ ಆರಿ ಪೈರು ಒಣಗಿತು. ಪಾಪ, ಊರು ಕಲಿಸಿದ್ದನ್ನೇ ಆ ಹುಡುಗಿ ಮಾಡಿದ್ದಳು. ಅವ್ವ ಯಾಕೆ ಬೇಡ ಅನ್ನುತ್ತಾಳೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಅವ್ವನ ಪಾದದ ಹತ್ತಿರ ಮಾತ್ರ ಅವಳು ಪೊರಕೆ ಆಡಿಸಿರಲಿಲ್ಲ. ಹೇಗೆ ಮನಸ್ಸು ಬರುತ್ತೆ ಹೇಳಿ? ಪೈರು ಒಣಗಿದ ದಿನ ಅಳುತ್ತಾ ಅಲ್ಲೇ ಕೂತು, ಪಾದ ಮುಟ್ಟಲು ತರಗೆಲೆ ಸರಿಸಿದಳು. ಕೆಳಗೆ ಮಣ್ಣು ತಣ್ಣಗಿತ್ತು. ಒಂದು ಎರೆಹುಳು ತಲೆಯೆತ್ತಿತು.

"ನೀನು ಗುಡಿಸೋದು ಕಸ ಅಲ್ಲ ತಾಯಿ, ನಮ್ಮ ಮನೆಯ ಸೂರು. ನಿಮ್ಮವ್ವ ಅದಕ್ಕೇ ಬೇಡ ಅಂದಿದ್ದು. ನೆಲಕ್ಕೆ ಹೊದಿಸು, ನಾವೆಲ್ಲ ಬರ್ತೀವಿ."

ಮೂರನೆಯ ಸಲ ಚೆನ್ನಾಜಿ ಒಣಗಿದ ಪೈರನ್ನು ಹಾಗೇ ಬಿಟ್ಟು, ನೆಲಕ್ಕೆಲ್ಲ ತರಗು ಹೊದಿಸಿ, ರಾಗಿಯ ನಡುವೆ ಅವರೆ, ಹುಚ್ಚೆಳ್ಳು ಅಕ್ಕಡಿ ಸಾಲು ಹಾಕಿದಳು. ಊರವರು ನಕ್ಕರು. ಹದ್ದು ಬಂತು, ಮಣ್ಣು ಏಳಲಿಲ್ಲ. ಕುದುರೆ ಬಂತು, ನಾಲಿಗೆಗೆ ಬರೀ ತರಗು ಸಿಕ್ಕಿತು. ಮೊದಲ ತೆನೆ ಬಾಗಿದ ಗಳಿಗೆಗೆ ಕಲ್ಲು ಕರಗಿ ಅವ್ವ ಕಣ್ಣುಬಿಟ್ಟಳು.

"ಪೊರಕೆ ಎಲ್ಲಿ ಮಗಳೇ?"

"ಮನೇಲಿದೆ ಅವ್ವ. ಹೊಲಕ್ಕೆ ತರಲ್ಲ."

ಅವ್ವ ಅವಳನ್ನು ತಬ್ಬಿಕೊಂಡು ಅತ್ತಳು. ನೋಡುತ್ತಿದ್ದ ಊರವರೂ ಪೊರಕೆ ಕೆಳಗಿಟ್ಟರು. ತಿನ್ನಲು ಬೂದಿಯಿಲ್ಲದೆ ಮಾಂತ್ರಿಕ ಬಡಕಲಾಗಿ, ಕೊನೆಗೆ ತಾನೇ ಒಂದು ಹಿಡಿ ಬೂದಿಯಾದ. ಅದನ್ನು ಹೊನ್ನೂರವ್ವ ತಿಪ್ಪೆಗೆ ಸುರಿದಳು.

ಹೊಂಬಯಲಿನವರು ಈಗ ಉಂಡುಟ್ಟು ನೆಮ್ಮದಿಯಾಗಿದ್ದಾರೆ. ಅಲ್ಲಿ ಹೆಣ್ಣು ಕೊಡುವವರು ಮೊದಲು ಗಂಡಿನ ಹೊಲಕ್ಕೆ ಹೋಗಿ, ತರಗು ಎತ್ತಿ, ಎರೆಹುಳು ಇದೆಯಾ ಅಂತ ನೋಡುತ್ತಾರೆ.